ಕಂಬದ ಬೆನ್ನಿನ ಹೆಸರು

ಬೀಗಕ್ಕೆ ಕೈ ಹಾಕುವ ಮೊದಲು ರಾಯಿಫ್ ಚಾವುಶೆವ್ ಕಬ್ಬಿಣದ ಸರಳುಗಳಿಗೆ ಕಿವಿ ಇಡುತ್ತಾರೆ. ರೊದೊಪಿ ಬೆಟ್ಟಗಳ ಮೇಲೆ ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಕೆಳಗೆ ಊರಿನಲ್ಲಿ ಒಂದೊಂದೇ ಒಲೆ ಹೊಗೆಯಾಡತೊಡಗಿದೆ. ಯಾವೊರ್ ಗಣಿಯ ಬಾಯಿಂದ ತಣ್ಣನೆಯ ಗಾಳಿ ಬರುತ್ತಿದೆ, ಅದರ ಹಿಂದೆಯೇ ನೀರಿನ ಸದ್ದು. ಅವರು ಕೇಳುತ್ತಿರುವುದು ಆ ಸದ್ದನ್ನು. ಹಗ್ಗದ ಸುರುಳಿ ಹೊತ್ತು ಇದೇ ಊರಿನ ನಾನೂ ಅವರ ಹಿಂದೆ ನಿಂತಿದ್ದೇನೆ.

"ಹೇಗಿದೆ ಆಗಾ?" ಎಂದು ಬೆನ್ನ ಹಿಂದೆ ನಿಂತ ಜುಲ್ಫಿಯೆ ಕೇಳುತ್ತಾರೆ. ಹಿರಿಯ ಗಂಡಸರನ್ನು ಇಲ್ಲಿ ಎಲ್ಲರೂ ಆಗಾ ಎಂದೇ ಕರೆಯುವುದು.

"ಗೊಣಗ್ತಾ ಇದೆ."

"ಹೋಗಬಹುದಾ ಹಾಗಾದ್ರೆ?"

"ಗೊಣಗಿದ್ರೆ ಒಳ್ಳೇದೇ. ನನ್ ಹೆಂಡ್ತಿ ಅಸಿಯೆ ಥರ. ಸುಮ್ಮನಾದಾಗ ಹೆದರ್ಕೋಬೇಕು."

ಜುಲ್ಫಿಯೆ ನಗುವುದಿಲ್ಲ. ಅರವತ್ತಕ್ಕೆ ಹತ್ತಿರವಾದ ಈ ಹೆಂಗಸು ತಮ್ಮನ ಪ್ಯಾಂಟು ತೊಟ್ಟು, ತಲೆವಸ್ತ್ರದ ಮೇಲೆ ಹೆಲ್ಮೆಟ್ ಕಟ್ಟಿಕೊಂಡು ಬಂದಿದ್ದಾರೆ. ಗಣಿಯೊಳಗೆ ಹೆಂಗಸು ಕಾಲಿಟ್ಟರೆ ಕೆಡುಕು ಎಂದು ನಂಬಿಕೊಂಡು ಬಂದ ಊರು ನಮ್ಮದು. ಆ ನಂಬಿಕೆಯ ನಡುವೆಯೇ ಗಂಡಸರು ಸತ್ತರು, ಅದು ಬೇರೆ ಮಾತು. ಶುಕ್ರವಾರ ಈ ಬಾಯಿಗೆ ಕಾಂಕ್ರೀಟ್ ಸುರಿಯಲು ಲಾರಿಗಳು ಬರುತ್ತವೆ. ಅಷ್ಟರೊಳಗೆ ಒಳಗಿನ ಒಂದು ಪೈನ್ ಕಂಬದ ಹಿಂಬದಿಯಲ್ಲಿ ಏನು ಕೆತ್ತಿದೆ ಎಂದು ಜುಲ್ಫಿಯೆಗೆ ತಿಳಿಯಬೇಕು. ಅವರ ಅಪ್ಪನ ಗೋರಿಗಲ್ಲಿನ ಹೆಸರು ಅದನ್ನೇ ನಂಬಿಕೊಂಡಿದೆ. ಹಾಸಿಗೆ ಹಿಡಿದ ಅಮ್ಮನ ಕೊನೆಯ ಆಸೆಯೂ.

ರಾಯಿಫ್ ಅವರ ಕೆಲಸಕ್ಕೆ ಹೆಸರಿಲ್ಲ. ಗಣಿ ಮುಚ್ಚಿ ಕಾಲು ಶತಮಾನ ದಾಟಿದೆ. ಆದರೆ ಬೆಟ್ಟದೊಳಗಿನ ನೀರಿಗೆ ಅದು ಗೊತ್ತಿಲ್ಲ. ಅದು ದಿನವೂ ಹರಿಯುತ್ತದೆ, ಜೊತೆಗೆ ತುಕ್ಕಿನ ಬಣ್ಣದ ಕೆಸರನ್ನು ತರುತ್ತದೆ, ಕೆಸರು ಚರಂಡಿಯಲ್ಲಿ ಕಟ್ಟಿಕೊಳ್ಳುತ್ತದೆ. ಕಟ್ಟಿದ್ದನ್ನು ಯಾರೂ ಬಿಡಿಸದಿದ್ದರೆ ನೀರು ಒಳಗೇ ಏರುತ್ತ ಹೋಗಿ ಒಂದು ದಿನ ಬೆಟ್ಟದ ಹೊಟ್ಟೆ ಒಡೆದು ಕೆಳಗಿನ ಊರಿಗೆ ನುಗ್ಗುತ್ತದೆ. ಅದಕ್ಕೇ ರಾಯಿಫ್ ಬೆಳಗಾಗುವ ಹೊತ್ತಿಗೆ ಗುದ್ದಲಿ, ಕೈಗಾಡಿ ತಗೊಂಡು ಒಳಗೆ ಹೋಗುತ್ತಾರೆ, ಮಧ್ಯಾಹ್ನಕ್ಕೆ ಮೊಣಕಾಲವರೆಗೆ ಕೆಂಪಾಗಿ ಹೊರಗೆ ಬರುತ್ತಾರೆ. ಗಣಿಯ ಆಸ್ತಿ ಮಾರಿ ಮುಗಿಸಲು ನೇಮಕವಾದ ಕಚೇರಿ ಅವರಿಗೆ ಸಂಬಳ ಎಂದು ಏನನ್ನೋ ಕೊಡುತ್ತದೆ. ಕಾಗದದ ಮೇಲೆ ಅವರು 'ಕಾವಲುಗಾರ'. ಊರು ಬದುಕಿರುವುದು ಯಾರ ಗುದ್ದಲಿಯಿಂದ ಎಂದು ಊರಿಗೇ ನೆನಪಿಲ್ಲ.

ವಯಸ್ಸು ಎಪ್ಪತ್ತಕ್ಕೆ ಬಂತು. ಮೀಸೆ ಚಿಗುರುವ ಕಾಲಕ್ಕೇ ಈ ಗಣಿಗೆ ಇಳಿದು, ಮೇಲ್ಛಾವಣಿಗೆ ಆಸರೆ ಕಂಬ ನಿಲ್ಲಿಸುವ ಕೆಲಸ ಕಲಿತರು. ಕಲಿಸಿದವರು ಎಡಚ ಇಸ್ಮಾಯಿಲ್. ಜುಲ್ಫಿಯೆಯ ಅಪ್ಪ.

"ಒಂದು ಚಳಿಗಾಲ ಪೂರ್ತಿ ಅವರ ಹಿಂದೆ ಬೆಣೆ ಹೊತ್ಕೊಂಡು ತಿರುಗ್ದೆ. ಬಾಯಿ ಬಿಟ್ಟು ಹೇಳ್ಕೊಡ್ತಿರ್ಲಿಲ್ಲ. ಎಡಗೈಲಿ ಕೊಡಲಿ ಬೀಸೋರು, ನಾನು ಬಲಗೈಯೋನು, ನೋಡ್ಕೊಂಡು ಕಲಿಯೋಕೆ ಹೋದ್ರೆ ಎಲ್ಲ ತಿರುಗಾಮುರುಗಾ. ಎರಡು ಸಲ ಬೆರಳು ಕುಯ್ಕೊಂಡೆ. ಆಮೇಲೆ ನನ್ನ ಮೇಲಿನ ಅಂತಸ್ತಿಗೆ ಹಾಕಿದ್ರು. ಅವರು ಕೆಳಗೇ ಉಳಿದ್ರು, ತೀರಾ ಒಳಗಿನ ಸುರಂಗದಲ್ಲಿ."

ಅದಾದ ಮೇಲೆ ಹೆಸರಿನ ವರ್ಷಗಳು ಬಂದವು.

ಆ ಕತೆ ನಮ್ಮ ಬೆಟ್ಟದಲ್ಲಿ ಯಾರಿಗೂ ಹೊಸದಲ್ಲ. ಆದರೂ ಹೇಳುತ್ತಲೇ ಇರಬೇಕು, ಯಾಕೆಂದರೆ ಮರೆಯಲು ಹೇಳುವವರು ಈಗಲೂ ಇದ್ದಾರೆ. ಎಪ್ಪತ್ತರ ದಶಕದ ಆರಂಭದಲ್ಲಿ ಆಗಿನ ಕಮ್ಯುನಿಸ್ಟ್ ಸರ್ಕಾರ ನಮ್ಮ ಮುಸಲ್ಮಾನ ಹೆಸರುಗಳು ಈ ದೇಶಕ್ಕೆ ಸಲ್ಲವೆಂದು, ಎಲ್ಲರೂ ಹೊಸ ಹೆಸರಿನ ಕಾಗದಕ್ಕೆ ಸಹಿ ಹಾಕಬೇಕೆಂದು ತೀರ್ಮಾನಿಸಿತು. ಹಳೆಯ ಹೆಸರಿನ ಮೊದಲ ಅಕ್ಷರವನ್ನು ಬೇಕಾದರೆ ಇಟ್ಟುಕೊಳ್ಳಬಹುದಿತ್ತು, ಅಷ್ಟು ದಯೆ ತೋರಿಸಿದರು. ರಾಯಿಫ್ ರುಮೆನ್ ಆದರು. ಇಸ್ಮಾಯಿಲ್ ಇಸ್ಕ್ರೆನ್ ಆದರು. ಸಹಿ ಹಾಕದವನಿಗೆ ಸಂಬಳವಿಲ್ಲ, ಸೌದೆಯಿಲ್ಲ, ಮಗುವಿಗೆ ಔಷಧಿ ತರಲು ಗುರುತಿನ ಕಾಗದವಿಲ್ಲ. ಹೊಡೆದರು, ಜೈಲಿಗೆ ಹಾಕಿದರು, ಕೆಲವು ಊರುಗಳಲ್ಲಿ ಗುಂಡೂ ಹಾರಿಸಿದರು. ಅದೇ ಹೊತ್ತಿಗೆ ಅದೇ ಜನರ ಕೈಗಳಿಂದ ಸೀಸವನ್ನೂ ಸತುವನ್ನೂ ಮೇಲೆ ಎತ್ತಿಸಿಕೊಂಡರು. ಹೆಸರು ಬೇಡವಾಗಿತ್ತು, ತೋಳು ಬೇಕಾಗಿತ್ತು.

ಗಣಿಯಲ್ಲಿ ಪ್ರತಿಯೊಬ್ಬನಿಗೂ ತನ್ನದೊಂದು ಕಂಬ ಇರುತ್ತಿತ್ತು. ಕೋಟು, ರೊಟ್ಟಿಯ ಚೀಲ ಅದಕ್ಕೇ ನೇತುಹಾಕಿ, ಊಟದ ಹೊತ್ತಿಗೆ ಅದಕ್ಕೇ ಒರಗಿ ಕೂರುವುದು. ಗುರುತಿಗೆ ಹೆಸರು ಬರೆದಿರುತ್ತಿತ್ತು. ಆ ಹೆಸರುಗಳನ್ನೂ ಕೊಡಲಿಯಿಂದ ಹೆರೆಸಿದರು. ಹೊಸ ಹೆಸರುಗಳನ್ನು ಕೆಂಪು ಬಣ್ಣದಲ್ಲಿ ಬರೆಸಿದರು, ಮೇಸ್ತ್ರಿ ದೀಪ ಹಿಡಿದು ನಡೆದಾಗ ಕಣ್ಣಿಗೆ ಬೀಳುವ ಹಾಗೆ.

ಗಣಿ ಮುಚ್ಚಿ ಎಷ್ಟೋ ಕಾಲದ ಮೇಲೆ ಒಂದು ಬೆಳಗ್ಗೆ ರಾಯಿಫ್ ಚರಂಡಿ ಬಿಡಿಸುತ್ತಿದ್ದಾಗ ಲಡ್ಡಾದ ಒಂದು ಕಂಬ ಮಗುಚಿ ಬಿತ್ತು. ಮುಂದೆ ಕೆಂಪು ಬಣ್ಣದಲ್ಲಿ 'ಹ್ರಿಸ್ತೊ' ಎಂದಿತ್ತು. ಬಂಡೆಯ ಕಡೆಗಿದ್ದ ಬೆನ್ನಿನಲ್ಲಿ ಚಾಕುವಿನಿಂದ 'ಹೈರಿ' ಎಂದು ಕೊರೆದಿತ್ತು.

"ನೀರಲ್ಲೇ ಕೂತ್ಕೊಂಡ್ಬಿಟ್ಟೆ" ಎನ್ನುತ್ತಾರೆ. "ಹೈರಿ ನನ್ನ ಸೋದರಮಾವ. ಮನೇಲೂ ಪಿಸುಮಾತಲ್ಲೇ ಹೆಸರು ಹೇಳ್ಕೊಳ್ತಿದ್ದೋರು. ಇಲ್ಲಿ ಬೆನ್ನಿಗೆ ಕಟ್ಕೊಂಡು ಕೂತಿದ್ರು."

ಅಂದಿನಿಂದ ಅವರು ಕಂಬಗಳ ಬೆನ್ನು ಓದುತ್ತಿದ್ದಾರೆ. ಕಂಬ ಕೀಳುವಂತಿಲ್ಲ, ಮೇಲಿನ ಬಂಡೆ ಅದರ ಮೇಲೇ ಕೂತಿದೆ. ಕಣ್ಣು ಅಲ್ಲಿಗೆ ಹೋಗುವುದಿಲ್ಲ. ಬೆರಳು ಹೋದರೂ ಬೆರಳು ಓದಿದ್ದನ್ನು ಮನೆಯವರಿಗೆ ಕೊಡಲಾಗುವುದಿಲ್ಲ. ಅದಕ್ಕೆ ಅವರು ಕಂಡುಕೊಂಡ ದಾರಿ ರೊಟ್ಟಿ. ತಾಜಾ ರೊಟ್ಟಿಯ ತಿರುಳನ್ನು ಅಂಗೈಯಲ್ಲಿ ಮಿದ್ದು ಮೆತ್ತಗೆ ಮಾಡಿ, ಮರದ ಪಟ್ಟಿಯ ತುದಿಗೆ ಅಂಟಿಸಿ, ಕಂಬದ ಹಿಂದೆ ತೂರಿಸಿ ಒತ್ತುತ್ತಾರೆ. ತೆಗೆದರೆ ಹೆಸರು ತಿರುಗುಮುರುಗಾಗಿ ಉಬ್ಬಿ ನಿಂತಿರುತ್ತದೆ. ಒಲೆಯ ಅಂಚಿನಲ್ಲಿ ಒಣಗಿಸಿದರೆ ಕಲ್ಲಿನಷ್ಟು ಗಟ್ಟಿ. ಊರಿನ ಹಲವು ಮನೆಗಳ ಗಾಜಿನ ಬೀರುವಿನಲ್ಲಿ ಗಣಿಯಿಂದ ತಂದ ಹರಳುಗಳ ಪಕ್ಕ ಈಗ ಒಂದು ತುಂಡು ಒಣರೊಟ್ಟಿ ಇರುತ್ತದೆ, ಹೆಸರು ನೆಟ್ಟಗೆ ಓದಲಿಕ್ಕೆ ಅದರ ಹಿಂದೆ ಒಂದು ಕನ್ನಡಿ.

"ಬೇರೆ ಗಂಡಸ್ರು ತಿನ್ನೋಕೆ ರೊಟ್ಟಿ ಒಯ್ತಾರೆ" ಎನ್ನುವುದು ಹೆಂಡತಿ ಅಸಿಯೆಯ ದೂರು. "ನಮ್ಮನೇವ್ರು ಓದೋಕೆ ಒಯ್ತಾರೆ. ಮಧ್ಯಾಹ್ನ ಬಂದು, ಹಸಿವು ಅಂತಾರೆ."

ಆದರೆ ತೀರಾ ಒಳಗಿನ ಸುರಂಗಕ್ಕೆ, ಇಸ್ಮಾಯಿಲ್ ಕಂಬ ನಿಲ್ಲಿಸಿದ ಜಾಗಕ್ಕೆ, ರಾಯಿಫ್ ಈವರೆಗೆ ಹೋಗಿಲ್ಲ. ದಾರಿಯಲ್ಲಿ ಒಂದು ಕುಸಿತವಿದೆ, ಅದರ ಮೇಲೆ ಒಬ್ಬರು ತೆವಳುವಷ್ಟೇ ಕಿಂಡಿ. ಆಚೆ ಹರಳಿನ ಕಳ್ಳರು ಬಂಡೆಗೆ ಬಂಡೆಯೇ ಆಸರೆಯಾಗಿದ್ದ ಭಾಗವನ್ನೆಲ್ಲ ಕೊರೆದು ಒಯ್ದಿದ್ದಾರೆ. ಉಳಿದ ಭಾರವೆಲ್ಲ ಮುದಿ ಪೈನ್ ಕಂಬಗಳ ಮೇಲೆ. ಹೋಗಲೇಬೇಕಾದ ಕಾರಣವೂ ಈವರೆಗೆ ಇರಲಿಲ್ಲ.

ಕಾರಣ ಈಗ ಹಾಸಿಗೆಯ ಮೇಲಿದೆ. ಜುಲ್ಫಿಯೆಯ ತಾಯಿ ಹಾತಿಜೆ ಅಜ್ಜಿಗೆ ತೊಂಬತ್ತು ಸಮೀಪಿಸಿದೆ, ಸೊಂಟದ ಕೆಳಗೆ ಸ್ವಾಧೀನವಿಲ್ಲ, ಬಾಯಿ ಮಾತ್ರ ಚುರುಕು. ಕಲ್ಲುಧೂಳು ತುಂಬಿದ ಶ್ವಾಸಕೋಶದೊಂದಿಗೆ ಗಂಡ ಸತ್ತದ್ದು ಹೆಸರಿನ ವರ್ಷಗಳಲ್ಲಿ. ಸರ್ಕಾರ ವಾದ್ಯ ಬಾರಿಸಿ ಮಣ್ಣು ಮಾಡಿತು. ಪ್ರಾರ್ಥನೆ ಆಗಲಿಲ್ಲ. ಕಲ್ಲಿನ ಮೇಲೆ 'ಇಸ್ಕ್ರೆನ್' ಎಂದು ಬರೆಸಿತು. ಕಾಲ ಬದಲಾದಾಗ ಊರಿನ ಎಲ್ಲ ಗೋರಿಗಳ ಕಲ್ಲೂ ಬದಲಾದವು, ಒಂದನ್ನು ಬಿಟ್ಟು. ಯಾಕೆಂದರೆ ಊರಿನಲ್ಲಿ ಮೊದಲು ಸಹಿ ಹಾಕಿದವರು ಎಡಚ ಇಸ್ಮಾಯಿಲ್. ಯಾರೂ ಹೊಡೆಯುವ ಮೊದಲೇ, ಕರೆದ ದಿನವೇ ಹೋಗಿ ಹಾಕಿದರಂತೆ. ಆಮೇಲೆ ಗಣಿಯೊಳಗೆ ಯಾರೂ ಅವರ ಜೊತೆ ರೊಟ್ಟಿ ಮುರಿಯಲಿಲ್ಲ.

"ಅವನ ಪಕ್ಕದಲ್ಲಿ ಮಲಗ್ಬೇಕು ನಾನು" ಎನ್ನುತ್ತಾರೆ ಹಾತಿಜೆ ಅಜ್ಜಿ. "ಆದ್ರೆ ಆ ಇಸ್ಕ್ರೆನ್ ಪಕ್ಕ ಮಲಗಲ್ಲ. ಆ ಗಂಡಸು ಯಾರೋ ನಂಗೊತ್ತಿಲ್ಲ. ನಾನು ಮದುವೆ ಆಗಿದ್ದು ಇಸ್ಮಾಯಿಲ್‌ನ."

ಕಲ್ಲು ಬದಲಿಸಿ ಪ್ರಾರ್ಥನೆ ಮಾಡಿಸಲು ಒಪ್ಪಬೇಕಾದವರು ಮಸೀದಿಯ ಹಿರಿಯ ಶೆಫ್ಕೆತ್ ಆಗಾ. ಎಂಬತ್ತು ದಾಟಿದವರು. ಅವರ ತಂದೆ ಫೇಯಿಮ್ ಸಹಿ ಹಾಕದೆ ಹಲ್ಲು ಕಳೆದುಕೊಂಡವರು, ಕೊನೆಗೆ ಅವರ ಕೈ ಹಿಡಿದು ಪೊಲೀಸರೇ ಸಹಿ ಹಾಕಿಸಿಕೊಂಡರು. ಕಳೆದ ವಾರ ಕಾಫಿಯಂಗಡಿಯಲ್ಲಿ ಜುಲ್ಫಿಯೆ ಮತ್ತೊಮ್ಮೆ ಕೇಳಿದಾಗ ಅವರು ಬಟ್ಟಲಿನಿಂದ ಕಣ್ಣೆತ್ತಲಿಲ್ಲ.

"ನಿಮ್ಮಪ್ಪ ಹೆಸರನ್ನ ತಾನೇ ಬಿಟ್ಟ. ಬಿಟ್ಟಿದ್ದನ್ನ ನಾನ್ಯಾಕೆ ಹುಡುಕಿ ಕೊಡ್ಲಿ?"

"ಕಂಬದ ಹಿಂದೆ ಬರ್ಕೊಂಡಿದ್ರೆ?"

"ಬರ್ಕೊಂಡಿದ್ರೆ ತೋರ್ಸು. ಮಾತಾಡೋಣ."

ಅದಕ್ಕೇ ಈ ಬೆಳಗು.

ಗೇಟು ದಾಟುತ್ತಲೇ ರಾಯಿಫ್ "ಕಸ್ಮೆತ್" ಎನ್ನುತ್ತಾರೆ. ಅದೃಷ್ಟವಿರಲಿ ಎಂದು ಗಣಿಯವರ ನಮಸ್ಕಾರ. ಜುಲ್ಫಿಯೆಯೂ ಹೇಳುತ್ತಾರೆ, ದನಿ ಒಣಗಿದೆ. ತಲೆಯ ಮೇಲಿನ ಟಾರ್ಚು ನೋಡಲಿಕ್ಕೆ, ಕೈಯಲ್ಲಿನ ಹಳೆಯ ಕಾರ್ಬೈಡ್ ದೀಪ ಗಾಳಿ ಚೆನ್ನಾಗಿದೆಯೇ ಎಂದು ತಿಳಿಯಲಿಕ್ಕೆ. ಜ್ವಾಲೆ ಕುಗ್ಗಿದರೆ ಹಿಂದೆ ತಿರುಗಬೇಕು.

ಇಕ್ಕೆಲದಲ್ಲಿ ಬಿಟ್ಟುಹೋದ ಬದುಕು ಬಿದ್ದಿದೆ. ಒಂಟಿ ರಬ್ಬರ್ ಬೂಟು. ದಂತವೈದ್ಯರ ಕೋಣೆಯಂಥ ಬಿಳಿ ಟೈಲ್ಸ್ ಹಾಕಿದ ಗೂಡು, ಅದರಲ್ಲಿ ಒಡೆದ ದೂರವಾಣಿ. ಗೋಡೆಯ ಮೇಲೆ ಹೆಚ್ಚು ದುಡಿದವರ ಚಿತ್ರಗಳ ಚೌಕಟ್ಟು, ಚಿತ್ರಗಳಿಲ್ಲ. ಮೊಸರಿನ ಗಾಜಿನ ಜಾಡಿಯೊಂದು ಮುಚ್ಚಳ ಸಮೇತ ಕಲ್ಲಿನ ಮೇಲಿದೆ, ಈಗಷ್ಟೇ ಯಾರೋ ಇಟ್ಟು ಹೋದ ಹಾಗೆ. ಹೊರಗಿನಿಂದ ಬರುವ ಹುಡುಗರು ಇದನ್ನೆಲ್ಲ ಫೋಟೋ ತೆಗೆದು, ನೋಡಿ ಎಂಥಾ ಚೆಂದದ ಪಾಳು ಎನ್ನುತ್ತಾರೆ. ಆ ಹುಡುಗರಿಗೆ ರಾಯಿಫ್ ಬಯ್ಯುವುದಿಲ್ಲ. ನಾನು ಬಯ್ಯುತ್ತೇನೆ. ಇದು ಪಾಳು ಬಿದ್ದದ್ದಲ್ಲ. ಲಾಭ ನಿಂತ ದಿನ ಜನರನ್ನು ಹೊರಗೆ ನಿಲ್ಲಿಸಿ ದೀಪ ಆರಿಸಿದರು, ಅಷ್ಟೆ. ಮೊಸರು ತಿನ್ನಲೂ ಬಿಡಲಿಲ್ಲ.

ಕುಸಿತದ ಬಳಿ ರಾಯಿಫ್ ತಮ್ಮ ಸೊಂಟಕ್ಕೂ ಜುಲ್ಫಿಯೆಯ ಸೊಂಟಕ್ಕೂ ಹಗ್ಗ ಕಟ್ಟುತ್ತಾರೆ. ಇನ್ನೊಂದು ತುದಿಯನ್ನು ನನ್ನ ಕೈಗಿಟ್ಟು ಈಚೆಗೇ ಇರಲು ಹೇಳುತ್ತಾರೆ.

"ಕೇಳು ತಂಗಿ. ಆಚೆ ಹೋದ್ಮೇಲೆ ಕಂಬಕ್ಕೆ ಒರಗೋದಿಲ್ಲ. ಎಡವಿದ್ರೂ ಕಂಬ ಹಿಡ್ಕೊಳೋದಿಲ್ಲ, ಬೀಳು ಬೇಕಾದ್ರೆ. ಪೈನ್ ಕಂಬ ಮುರಿಯೋ ಮುಂಚೆ ಮಾತಾಡುತ್ತೆ. ಅದು ಮಾತಾಡಿದಾಗ ನೀನು ಮಾತಾಡ್ಬೇಡ, ಏನ್ ಹೇಳ್ತಿದೆ ಅಂತ ನಂಗೆ ಕೇಳಿಸ್ಬೇಕು."

"ನಾನು ಉಸಿರಾಡಬಹುದಾ?"

"ಮೆತ್ತಗೆ."

ಎರಡು ಜೊತೆ ಬೂಟುಗಳು ಕಿಂಡಿಯಲ್ಲಿ ಮಾಯವಾಗುತ್ತವೆ. ಆಮೇಲೆ ಈಚೆ ಉಳಿಯುವುದು ಹಗ್ಗ, ನೀರಿನ ಗೊಣಗು, ಆಚೆಯಿಂದ ತೂರಿ ಬರುವ ಮಾತು.

"ಇಲ್ಲಿಂದ ಶುರು. ಫಿಲಿಪ್ ಅಂತಿದೆ. ಫೇಯಿಮ್‌ದು. ಶೆಫ್ಕೆತ್ ಆಗಾನ ಅಪ್ಪ."

"ನಮ್ಮಪ್ಪಂದು?"

"ತಡಿ. ಕೆಳಗೆ ನೋಡ್ಕೊಂಡು ಬಾ... ಇಗೋ. ಇಸ್ಕ್ರೆನ್."

ಚೀಲ ಬಿಚ್ಚುವ ಸರಸರ. ರೊಟ್ಟಿ ಮಿದಿಯುತ್ತಿರಬೇಕು.

"ಬಂಡೆಗೆ ಅಂಟ್ಕೊಂಡೇ ನಿಲ್ಸಿದ್ದಾರೆ ನೋಡು ಇಲ್ಲಿ. ಆಗ ಚಾಕು ಕೂಡ ತೂರ್ತಿರ್ಲಿಲ್ಲ. ಈಗ ಬಂಡೆ ಉದುರಿ ಜಾಗ ಆಗಿದೆ."

"ಅದು ಒಳ್ಳೇದಾ?"

"ರೊಟ್ಟಿಗೆ ಒಳ್ಳೇದು. ನಮಗಲ್ಲ."

ಮರದ ಪಟ್ಟಿ ಉಜ್ಜುವ ಸದ್ದು. ಎಲ್ಲೋ ಸಣ್ಣ ಕಲ್ಲೊಂದು ಬಿದ್ದು ಉರುಳುತ್ತದೆ.

"ಆಗಾ. ಏನಿದೆ?"

ಪಟ್ಟಿ ಇನ್ನೊಮ್ಮೆ ಉಜ್ಜುತ್ತದೆ.

"ಏನಿದೆ ಅಂದೆ."

"ನುಣ್ಣಗಿದೆ."

"ಹಂಗಂದ್ರೆ?"

"ಏನೂ ಇಲ್ಲ ತಂಗಿ."

"ಸ್ವಲ್ಪ ಮೇಲೆ ಒತ್ತಿ. ನಮ್ಮಪ್ಪ ಉದ್ದ ಇದ್ರು."

ಮತ್ತೆ ಪಟ್ಟಿಯ ಸದ್ದು. "ಇಲ್ಲ."

"ಕೆಳಗೆ ನೋಡಿ. ಕೂತ್ಕೊಂಡು ಬರೆದಿರಬಹುದು."

"ಮೇಲಿಂದ ಕೆಳಗಿನ ತನಕ ಒತ್ತಿದ್ದೀನಿ. ಇಲ್ಲ."

"ನೀರಿಗೆ ಅಳಿಸಿಹೋಗಿರಬಹುದಲ್ಲ. ಪಕ್ಕದ್ದು ನೋಡಿ. ಅವೂ ಅಳಿಸಿದ್ಯಾ ನೋಡಿ."

ರಾಯಿಫ್ ಬೇಡವೆನ್ನುವುದಿಲ್ಲ. ಒಂದು ಕಂಬ, ಇನ್ನೊಂದು, ಮತ್ತೊಂದು. ಪ್ರತಿ ಸಲವೂ ಅವರು ಹೆಸರು ಓದುವುದು ಕೇಳುತ್ತದೆ, ತಗ್ಗಿದ ದನಿಯಲ್ಲಿ, ಸತ್ತವರನ್ನು ಎಬ್ಬಿಸದ ಹಾಗೆ. ಫೇಯಿಮ್ ಇದ್ದಾರೆ. ರಮಜಾನ್ ಇದ್ದಾರೆ. ಸೆಫೆರ್ ಇದ್ದಾರೆ. ಯಾರದ್ದೂ ಅಳಿಸಿಲ್ಲ.

"ಎಲ್ಲರದ್ದೂ ಇದೆ" ಎನ್ನುತ್ತದೆ ಜುಲ್ಫಿಯೆಯ ದನಿ. "ನಮ್ಮಪ್ಪಂದೊಂದೇ..."

ಆಗ ಕಂಬ ಮಾತಾಡಿತು. ಬಾಗಿಲ ಕೀಲಿನಂಥ ಸದ್ದಲ್ಲ. ಉದ್ದಕ್ಕೆ ಬಟ್ಟೆ ಹರಿದಂಥ ಸದ್ದು.

"ರೊಟ್ಟಿ ಚೀಲ ಹಿಡ್ಕೊ. ನಡಿ."

"ಇನ್ನೊಂದ್ ಸಲ ನಮ್ಮಪ್ಪಂದು..."

"ಜುಲ್ಫಿಯೆ, ನಡಿ."

ಹಗ್ಗ ಕೈಯಲ್ಲಿ ಜಗ್ಗತೊಡಗಿತು. ಮೊದಲು ಚೀಲ ಬಂತು, ಆಮೇಲೆ ಜುಲ್ಫಿಯೆಯ ಕೈ, ಹೆಲ್ಮೆಟ್. ಅವರನ್ನು ಎಳೆದು ಕೆಳಗೆ ಬಿಡುವಷ್ಟರಲ್ಲಿ ಕಿಂಡಿಯಿಂದ ಧೂಳು ನುಗ್ಗಿತು, ಬೆನ್ನಿಗೇ ಬೆಟ್ಟ ಗಂಟಲು ಸರಿಮಾಡಿಕೊಂಡಂಥ ಒಂದು ಗುಡುಗು. ದೀಪ ಆರಿತು. ಹಗ್ಗ ಸಡಿಲಾಗಿತ್ತು. ಜುಲ್ಫಿಯೆ ಆಗಾ, ಆಗಾ ಎಂದು ಕಿಂಡಿಯ ಕತ್ತಲಿಗೆ ಹೇಳುತ್ತಿದ್ದರು. ಕೂಗುತ್ತಿರಲಿಲ್ಲ. ಹೇಳುತ್ತಿದ್ದರು.

"ಇದ್ದೀನಿ" ಎಂದಿತು ಕಿಂಡಿ. "ಕೈ ಹಿಡಿದು ಎಳೀರಿ. ಬೂಟು ಹೋದ್ರೆ ಹೋಗ್ಲಿ."

ಎಳೆದೆವು. ಒಂದು ಬೂಟು ಅಲ್ಲೇ ಉಳಿಯಿತು. ಅವರು ಕೆಳಗಿಳಿದು ಕೆಮ್ಮುತ್ತ ನಿಂತರು, ನಮ್ಮನ್ನು ನೋಡಲಿಲ್ಲ, ತಲೆ ಓರೆ ಮಾಡಿ ಏನನ್ನೋ ಕೇಳತೊಡಗಿದರು. ನೀರಿನ ಗೊಣಗು ನಿಂತುಹೋಗಿತ್ತು.

"ನೀವಿಬ್ರೂ ಹೊರಗೆ ಹೋಗಿ" ಎಂದರು. ತಾವು ಗುದ್ದಲಿ ತಗೊಂಡು ಕುಸಿತದ ಬುಡಕ್ಕೆ ಒಂದೇ ಬೂಟಿನಲ್ಲಿ ಇಳಿದರು. ಯಾರೂ ಹೊರಗೆ ಹೋಗಲಿಲ್ಲ. ಜುಲ್ಫಿಯೆ ಕೈಯಲ್ಲೇ ಕಲ್ಲು ತೋಡತೊಡಗಿದರು, ಬೆರಳು ಸುಲಿಯುವ ತನಕ, ಅಪ್ಪನ ಮೇಲಿನ ಸಿಟ್ಟನ್ನೆಲ್ಲ ಆ ಕೆಸರಿನ ಮೇಲೆ ತೀರಿಸಿಕೊಳ್ಳುವ ಹಾಗೆ. ಎಷ್ಟು ಹೊತ್ತಾಯಿತೋ. ಕಲ್ಲುಗಳ ನಡುವೆ ಮೊದಲು ಒಂದು ಹನಿ, ಆಮೇಲೆ ಕೆಂಪನೆಯ ಒಂದು ಎಳೆ, ಆಮೇಲೆ ಧಾರೆ. ಗೊಣಗು ಮರಳಿತು. ರಾಯಿಫ್ ಗುದ್ದಲಿಗೆ ಗಲ್ಲ ಊರಿ ಅದನ್ನು ಕೇಳಿಸಿಕೊಂಡರು.

ಒಳಗಿನ ಸುರಂಗ ಇನ್ನು ಯಾರಿಗೂ ಇಲ್ಲ.

ಹೊರಗೆ ಬಿಸಿಲು ಬಿದ್ದಿದೆ. ಗೇಟಿನ ಪಕ್ಕದ ಹಲಗೆಯ ಮೇಲೆ ರಾಯಿಫ್ ರೊಟ್ಟಿಯ ತುಂಡುಗಳನ್ನು ಸಾಲಾಗಿ ಒಣಗಲಿಡುತ್ತಾರೆ. ಅಸಿಯೆ ಆಲೂಗಡ್ಡೆ ತುರಿದು ಬೇಯಿಸಿ ಕಟ್ಟಿಕೊಟ್ಟ ಪತಾತ್ನಿಕ್ ತಿಂಡಿ ಹಾಗೇ ಉಳಿದಿದೆ. ಜುಲ್ಫಿಯೆ ದೂರದಲ್ಲಿ ಬೆನ್ನು ತಿರುಗಿಸಿ ಕುಳಿತಿದ್ದಾರೆ.

"ಶೆಫ್ಕೆತ್ ಆಗಾ ಹೇಳಿದ್ದೇ ನಿಜ. ಅಮ್ಮಂಗೆ ಏನ್ ಹೇಳ್ಲಿ? ಎಲ್ಲರೂ ಬರ್ಕೊಂಡಿದ್ರು, ನಿನ್ ಗಂಡ ಮಾತ್ರ ಇಲ್ಲ ಅಂತ್ಲಾ?"

ರಾಯಿಫ್ ಹಲಗೆಯಿಂದ ಫೇಯಿಮ್ ಎಂಬ ತುಂಡನ್ನು ಎತ್ತಿಕೊಂಡು ಅಕ್ಷರದ ಏಣಿನ ಮೇಲೆ ಹೆಬ್ಬೆರಳು ಎಳೆಯುತ್ತಿದ್ದಾರೆ. ಕೆಳಗಿಟ್ಟು ರಮಜಾನ್ ಎತ್ತಿಕೊಳ್ಳುತ್ತಾರೆ. ಆಮೇಲೆ ಸೆಫೆರ್. ಮತ್ತೆ ಫೇಯಿಮ್. ಎದ್ದು ಸೌದೆಯ ರಾಶಿಯಿಂದ ಪೈನ್ ತುಂಡೊಂದನ್ನು ತಂದು, ಜೇಬಿನ ಚಾಕುವಿನಿಂದ ಒಂದು ಗೀರು ಕೊರೆಯುತ್ತಾರೆ. ಚಾಕುವನ್ನು ಎಡಗೈಗೆ ಬದಲಿಸಿ, ಸೊಟ್ಟಪಟ್ಟ, ಇನ್ನೊಂದು ಗೀರು.

"ತಂಗಿ, ಬಾ ಇಲ್ಲಿ."

"ಬೇಡ ಆಗಾ."

"ಬಾ ಅಂದೆ. ಬೆರಳು ಕೊಡು."

ಸುಲಿದ ಬೆರಳನ್ನು ಹಿಡಿದು ಮೊದಲ ಗೀರಿನ ಮೇಲೆ ಆಡಿಸುತ್ತಾರೆ. "ಬಲಗೈದು. ಗೀರಿನ ಒಂದು ಗೋಡೆ ನೆಟ್ಟಗೆ, ಒಂದು ಗೋಡೆ ಇಳಿಜಾರು. ಗೊತ್ತಾಯ್ತಾ? ಈಗ ಇದು ಎಡಗೈದು. ಇಳಿಜಾರು ಆ ಕಡೆಗೆ ಹೋಯ್ತು." ಎರಡೂ ಗೀರಿಗೆ ರೊಟ್ಟಿ ಒತ್ತಿ ತೆಗೆದು, ಹಲಗೆಯ ಮೇಲೆ ಹೆಸರುಗಳ ಪಕ್ಕ ಇಡುತ್ತಾರೆ. "ಈಗ ಇದನ್ನೆಲ್ಲ ಮುಟ್ಟಿ ನೋಡು."

ಜುಲ್ಫಿಯೆ ಮುಟ್ಟುತ್ತಾರೆ. ಒಂದನ್ನು ಮುಟ್ಟಿದ ಮೇಲೆ ಎರಡನೆಯದನ್ನು ಬೇಗ ಮುಟ್ಟುತ್ತಾರೆ.

"ಮೇಲಿನ ಅಂತಸ್ತಲ್ಲಿ ಕಂಬದ ಹಿಂದೆ ಜಾಗ ಇತ್ತು. ಅವರವರದ್ದು ಅವರವರೇ ಕೊರ್ಕೊಂಡ್ರು, ಒಂದೊಂದು ಒಂದೊಂದ್ ಥರ ಇದೆ. ಕೆಳಗಿನ ಕಂಬ ಹೆಸರು ಬದಲಾದ್ಮೇಲೆ ನಿಲ್ಸಿದ್ದು, ಬಂಡೆಗೆ ಅಂಟ್ಕೊಂಡಿತ್ತು ಅಂದ್ನಲ್ಲ? ನಿಂತ ಮೇಲೆ ಕೊರೆಯೋಕಾಗಲ್ಲ. ನಿಲ್ಸೋ ಮುಂಚೆ ಕೊರೀಬೇಕು. ಹೊರಗೆ ಮರದ ಅಂಗಳದಲ್ಲಿ ಪೊಲೀಸ್ ಕಾವಲು ಇತ್ತು, ಅಲ್ಲಾಗಲ್ಲ. ಒಳಗೆ ಕಂಬ ನಿಲ್ಸೋ ಹೊತ್ತಲ್ಲಿ ಅಲ್ಲಿರ್ತಿದ್ದೋನು ಒಬ್ಬನೇ."

"ನಮ್ಮಪ್ಪ."

"ಎಲ್ಲಾ ಒಂದೇ ಕೈ. ಎಡಗೈ. ಈ ಕೈ ನೋಡ್ಕೊಂಡೇ ನಾನು ಬೆರಳು ಕುಯ್ಕೊಂಡಿದ್ದು."

ಇಸ್ಮಾಯಿಲ್ ಜೊತೆ ರೊಟ್ಟಿ ಮುರಿಯದೆ, ಅವರಿಗೆ ಬೆನ್ನು ತೋರಿಸಿ ಕೂತ ಗಂಡಸರು ಒರಗಿದ್ದು ಅವರು ಕೊರೆದ ತಮ್ಮ ತಮ್ಮ ಹೆಸರಿಗೆ. ಒಬ್ಬರಿಗೂ ಗೊತ್ತಿರಲಿಲ್ಲ. ಸಿಕ್ಕಿಬಿದ್ದಿದ್ದರೆ ಜೈಲು ಅವರೊಬ್ಬರಿಗೇ.

"ಹಾಗಾದ್ರೆ ತಮ್ಮದು ಯಾಕೆ ಬರ್ಕೊಳ್ಳಿಲ್ಲ?" ಎಂದು ಖಾಲಿ ತುಂಡನ್ನು ಎತ್ತಿಕೊಂಡು ಜುಲ್ಫಿಯೆ ಕೇಳುತ್ತಾರೆ.

"ಅದನ್ನ ನಾನು ಹೇಳಕ್ಕಾಗಲ್ಲಮ್ಮ. ಕಂಬ ಹೇಳಿದಷ್ಟೇ ನಾನು ಹೇಳೋದು."

ಯಾಕೆ ಮೊದಲು ಸಹಿ ಹಾಕಿದರು ಎಂಬುದೂ ನಮಗೆ ತಿಳಿಯದು. ಆಗ ಚಿಕ್ಕವರಿದ್ದ ಜುಲ್ಫಿಯೆಯ ಔಷಧಿಗೋ, ಹೆದರಿಕೆಗೋ, ಕಂಬದ ಕೆಲಸ ಬೇರೆಯವರ ಕೈಗೆ ಹೋಗದಿರಲೆಂದೋ. ಊಹೆಗೆ ಇಲ್ಲಿ ಜಾಗವಿಲ್ಲ. ಆದರೆ ಐವತ್ತು ವರ್ಷ ಈ ಊರು ಪ್ರಶ್ನೆ ಕೇಳಿದ್ದು ಸಹಿ ಹಾಕಿದ ಕೂಲಿಯವನನ್ನು. ಕಾಗದ ತಂದು ಮೇಜಿನ ಮೇಲೆ ಇಟ್ಟವರು ಪಿಂಚಣಿ ತಗೊಂಡು, ಮೊಮ್ಮಕ್ಕಳನ್ನು ಆಡಿಸಿ, ಹಾಸಿಗೆಯಲ್ಲಿ ಸತ್ತರು. ಅವರ ಕಲ್ಲಿನ ಮೇಲಿನ ಹೆಸರನ್ನು ಯಾರೂ ತಡೆಯಲಿಲ್ಲ.

ಸಂಜೆ ಕಾಫಿಯಂಗಡಿಯಲ್ಲಿ ರೊಟ್ಟಿಯ ತುಂಡುಗಳು ಶೆಫ್ಕೆತ್ ಆಗಾರ ಮುಂದಿನ ಮೇಜಿನ ಮೇಲಿವೆ.

"ಏನಿದು, ತಿಂಡಿ ತಂದ್ಯೇನೋ ರಾಯಿಫ್?"

"ಹಲ್ಲಿಗೆ ಗಟ್ಟಿಯಾಗುತ್ತೆ ಆಗಾ. ಬೆರಳಲ್ಲಿ ಓದಿ."

ರಾಯಿಫ್ ಗೀರುಗಳನ್ನು ತೋರಿಸುತ್ತಾರೆ, ಕೈ ಬದಲಿಸಿದ್ದನ್ನು ಹೇಳುತ್ತಾರೆ. ಶೆಫ್ಕೆತ್ ಆಗಾ ಅಡ್ಡ ಮಾತಾಡದೆ ಕೇಳುತ್ತಾರೆ. ತಂದೆಯ ಹೆಸರನ್ನು ಎತ್ತಿಕೊಂಡು ಕಣ್ಣು ಮುಚ್ಚಿ ಬೆರಳಾಡಿಸುತ್ತಾರೆ.

"ಅವನದ್ದು ಎಲ್ಲಿ?"

"ಅವರು ಬರ್ಕೊಂಡಿಲ್ಲ" ಎನ್ನುತ್ತಾರೆ ಜುಲ್ಫಿಯೆ. ಮುಚ್ಚಿಡುವುದಿಲ್ಲ. "ಅದನ್ನೂ ತಂದಿದ್ದೀನಿ." ನುಣ್ಣಗಿನ ಖಾಲಿ ತುಂಡನ್ನು ಚೀಲದಿಂದ ತೆಗೆದು ಮೇಜಿನ ಮೇಲಿಡುತ್ತಾರೆ.

ಪಕ್ಕದ ಮೇಜಿನಲ್ಲಿ ಇಸ್ಪೀಟು ನಿಂತಿದೆ. ಶೆಫ್ಕೆತ್ ಆಗಾ ಖಾಲಿ ತುಂಡನ್ನು ಅತ್ತಿತ್ತ ತಿರುಗಿಸಿ ನೋಡುತ್ತಾರೆ.

"ಮೊದಲು ಸಹಿ ಹಾಕಿದ್ದು ಹಾಕಿದ್ದೇ" ಎನ್ನುತ್ತಾರೆ.

"ಹೌದು" ಎನ್ನುತ್ತಾರೆ ಜುಲ್ಫಿಯೆ.

ಶೆಫ್ಕೆತ್ ಆಗಾ ಎದ್ದು ಕೋಲು ತಗೊಂಡು ಹೊರಡುತ್ತಾರೆ. ಮೇಜಿನ ಮೇಲೆ ನೋಡಿದರೆ ಎರಡು ತುಂಡು ಕಡಿಮೆ. ಫೇಯಿಮ್ ಇಲ್ಲ. ಖಾಲಿಯದೂ ಇಲ್ಲ.

ಶುಕ್ರವಾರದ ಬೆಳಗು. ಕಾಂಕ್ರೀಟಿನ ಲಾರಿಗಳು ತಿರುವಿನಲ್ಲಿ ಗುರುಗುಟ್ಟುತ್ತ ನಿಂತಿವೆ. ನೀರು ಹೋಗಲು ದಪ್ಪ ಕೊಳವೆ ಇಟ್ಟೇ ಸುರಿಯಬೇಕೆಂದು ರಾಯಿಫ್ ಹಟ ಹಿಡಿದು ಗೆದ್ದಿದ್ದಾರೆ. ಕೊಳವೆ ಕಟ್ಟಿಕೊಂಡರೆ ಯಾರು ಬಿಡಿಸುತ್ತಾರೆ ಎಂದರೆ ಕಚೇರಿಯವರ ಬಳಿ ಉತ್ತರವಿಲ್ಲ. ನಾಳೆಯಿಂದ ಅವರಿಗೆ ಕೆಲಸವಿಲ್ಲ.

"ಬೆಳಿಗ್ಗೆ ಬಂದು ಕೇಳಿಸ್ಕೊಂಡು ಹೋಗ್ತೀನಿ" ಎನ್ನುತ್ತಾರೆ. "ಕೇಳಿಸ್ಕೊಳೋಕೆ ಸಂಬಳ ಬೇಕಾ?"

ಇವತ್ತು ಇನ್ನೊಂದು ಕೆಲಸ ಬಾಕಿಯಿದೆ. ಗಣಿಯ ಬಾಯಿಯ ಮೇಲ್ಗಲ್ಲು ಸಡಿಲವಾಗಿದೆ, ಸುರಿಯುವ ಮೊದಲು ಹೊರಗಡೆ ಅದಕ್ಕೊಂದು ಆಸರೆ ನಿಲ್ಲಿಸಬೇಕು. ಯಾವೊರ್ ಗಣಿಯ ಕೊನೆಯ ಕಂಬ. ಹೊಸದಾಗಿ ಕಡಿದ ಪೈನ್ ಮರ, ತೊಗಟೆ ಸುಲಿದು ಬೆಳ್ಳಗಿದೆ. ಒಂದು ಬದಿಯಲ್ಲಿ ರಾಯಿಫ್ ರಾತ್ರಿಯೇ 'ಇಸ್ಮಾಯಿಲ್' ಎಂದು ಕೊರೆದು ತಂದಿದ್ದಾರೆ. ಬಲಗೈಯಲ್ಲಿ. ಎಡಗೈಯಲ್ಲಿ ಪ್ರಯತ್ನಪಟ್ಟು ಮತ್ತೆ ಬೆರಳು ಕುಯ್ದುಕೊಂಡಿದ್ದಾರೆ.

ಬುಡವನ್ನು ರಾಯಿಫ್ ಎತ್ತುತ್ತಾರೆ. ತುದಿಗೆ ಜುಲ್ಫಿಯೆ ಕೈ ಹಾಕಲು ಬಗ್ಗಿದಾಗ ಕೋಲೊಂದು ಅವರನ್ನು ಪಕ್ಕಕ್ಕೆ ಸರಿಸುತ್ತದೆ. ಶೆಫ್ಕೆತ್ ಆಗಾ. ಏರು ಹತ್ತಿ ಬಂದು ಏದುಸಿರು ಬಿಡುತ್ತಿದ್ದಾರೆ. ಕೋಲನ್ನು ಜುಲ್ಫಿಯೆಯ ಕೈಗಿತ್ತು ಮರದ ತುದಿಯನ್ನು ಹೆಗಲಿಗೆ ಏರಿಸಿಕೊಳ್ಳುತ್ತಾರೆ.

ಕಂಬ ನಿಲ್ಲುತ್ತದೆ. ರಾಯಿಫ್ ಅದನ್ನು ತಬ್ಬಿ ಮೆಲ್ಲಗೆ ಹೊರಳಿಸುತ್ತಾರೆ, ಹೆಸರು ಬಂಡೆಯ ಕಡೆಗೆ ಬರುವಂತೆ. ಬೆಣೆ ಬಾಯಲ್ಲಿ ಕಚ್ಚಿಕೊಂಡು ಸುತ್ತಿಗೆಗೆ ಕೈ ಚಾಚುತ್ತಾರೆ.

"ಏ ರಾಯಿಫ್" ಎನ್ನುತ್ತಾರೆ ಶೆಫ್ಕೆತ್ ಆಗಾ. "ಅದ್ಯಾಕೋ ಆ ಕಡೆ ತಿರುಗಿಸ್ತೀಯ?"

ರಾಯಿಫ್ ತಮ್ಮ ಕೈಗಳನ್ನು ನೋಡಿಕೊಳ್ಳುತ್ತಾರೆ. ಬಾಯಿಂದ ಬೆಣೆ ತೆಗೆಯುತ್ತಾರೆ. "ಅಭ್ಯಾಸ ಆಗಾ."

"ಈ ಕಡೆ ತಿರುಗ್ಸು. ಗೋರಿಗಲ್ಲು ಕೆತ್ತೋನಿಗೆ ಮಧ್ಯಾಹ್ನ ಬರೋಕೆ ಹೇಳಿದ್ದೀನಿ. ಹೆಸರು ನೋಡ್ಕೊಂಡು ಹೋಗ್ಲಿ."